ಅಂಜಮ್ಮನ ಉಬ್ಬದ ಹಿಟ್ಟು

ಈ ಸಲದ ಬ್ರೆಡ್ಡೂ ಕಲ್ಲಾಗಿತ್ತು. ಅಂಜಮ್ಮ ಅದನ್ನು ಹಿತ್ತಲಿಗೆ ಎಸೆದಳು. ನಾಯಿ ಬಂದು ಮೂಸಿ, ಒಮ್ಮೆ ಕಚ್ಚಿ ನೋಡಿ, ಅಲ್ಲೇ ಬಿಟ್ಟು ಹೋಯಿತು. ನಾಯಿಗೂ ಬೇಡವಾದದ್ದಕ್ಕೆ ಬೆಳಗಿನಿಂದ ರಟ್ಟೆ ಬೀಳುವಂತೆ ನಾದಿದೆನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಕಾರಿಮಂಗಲದಿಂದ ಮೊರಪ್ಪೂರಿಗೆ ಸೊಸೆಯಾಗಿ ಬಂದ ಅಂಜಮ್ಮ ಹಿಡಿದ ಕೆಲಸ ಬಿಡುವವಳಲ್ಲ. ಹಾಗೆಂದು ಬಾಯಿ ಮುಚ್ಚಿಕೊಂಡು ಮಾಡುವವಳೂ ಅಲ್ಲ. ರಾಗಿ ಬೀಸುವಾಗ ಕಲ್ಲಿಗೆ ಬೈಯುತ್ತಾಳೆ, ನೀರು ಸೇದುವಾಗ ಹಗ್ಗಕ್ಕೆ ಬೈಯುತ್ತಾಳೆ. ಗಂಡ ನಾರಪ್ಪ ರೈಲು ಹಳಿ ರಿಪೇರಿಯ ಗ್ಯಾಂಗಿನವನು, ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ವಿಷಮಶೀತ ಜ್ವರದಿಂದ ಎದ್ದ ಮಾವ ದೊಡ್ಡಮುನಿಯಪ್ಪನ ಆರೈಕೆಯೆಲ್ಲ ಅವಳ ತಲೆಗೇ ಬಿದ್ದಿತ್ತು. ಕರುಳು ಇನ್ನೂ ಹುಣ್ಣಾಗಿದೆ, ಮುದ್ದೆ ಕೂಡದು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೊಡಿ ಎಂದಿದ್ದರು ಧರ್ಮಪುರಿಯ ಡಾಕ್ಟರು. ಹೆಂಡದ ಹನಿಯೂ ತಾಗಕೂಡದು ಎಂದೂ ಸೇರಿಸಿದ್ದರು. ಗಂಜಿ ಕಂಡರೆ ಮುದುಕ ಗೋಡೆಗೆ ಮುಖ ತಿರುಗಿಸಿ, ಬ್ರೆಡ್ಡೇ ಬೇಕು ಅನ್ನುತ್ತಿದ್ದ. ದಿನದಿನಕ್ಕೆ ಮೂಳೆ ಎದ್ದು ಕಾಣುತ್ತಿತ್ತು. ಏನಾದರೂ ಆದರೆ ಸೊಸೆ ಉಪವಾಸ ಕೆಡವಿ ಸಾಯಿಸಿದಳು ಅನ್ನುತ್ತದೆ ಊರು. ಅದು ಹಾಗಿರಲಿ, ಅವನನ್ನು ಬಿಟ್ಟರೆ ಅವಳು ಬೈದರೂ ನಗುತ್ತ ಕೇಳಿಸಿಕೊಳ್ಳುವ ಇನ್ನೊಬ್ಬ ಮನುಷ್ಯ ಆ ಮನೆಯಲ್ಲಿರಲಿಲ್ಲ.

ರೈಲ್ವೆ ಬಂಗಲೆಯ ಅಡುಗೆಯವನು ಆರುಮುಗಂ ಬ್ರೆಡ್ಡಿನ ವಿದ್ಯೆಯನ್ನು ನಿಂತ ಕಾಲಲ್ಲೇ ಹೇಳಿಕೊಟ್ಟಿದ್ದ. ಮೈದಾ, ಉಪ್ಪು, ಚಿಟಿಕೆ ಸಕ್ಕರೆ. ಈಸ್ಟ್ ಅನ್ನುವುದು ದೊರೆಗಳಿಗೆ ಡಬ್ಬಿಯಲ್ಲಿ ಬರುತ್ತದೆ, ನಮಗೆ ಈಚಲ ಹೆಂಡವೇ ಈಸ್ಟು. ನಾದಿ ಬಟ್ಟೆ ಮುಚ್ಚಿಟ್ಟರೆ "ತಾನಾ ಪೊಂಗುಂ", ತಾನಾಗಿ ಉಬ್ಬುತ್ತದೆ. ಆಮೇಲೆ ಮರಳು ಹಾಕಿದ ಗಡಿಗೆಯೊಳಗಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುವುದು. ಒಮ್ಮೆ ಉಬ್ಬಿದ ಹಿಟ್ಟಿನಲ್ಲಿ ಒಂದು ಉಂಡೆ ಎತ್ತಿಟ್ಟುಕೊಂಡರೆ ಮುಂದಿನ ಸಲಕ್ಕೆ ಹೆಂಡವೂ ಬೇಡ.

ಒಮ್ಮೆ ಉಬ್ಬಿದರೆ ತಾನೆ. ಮರ ಹತ್ತುವ ಚಿನ್ನಪ್ಪ ಬೆಳಗ್ಗೆ ಹೆಂಡ ತಂದಿಡುತ್ತಿದ್ದ. ಅಂಜಮ್ಮ ಬಾವಿಯಿಂದ ನೀರು ತಂದಮೇಲೆ ಮೂಗು ಮುಚ್ಚಿಕೊಂಡು ಅದನ್ನು ಹಿಟ್ಟಿಗೆ ಸುರಿದು ನಾದುತ್ತಿದ್ದಳು. ಹಿಟ್ಟು ಇಟ್ಟಲ್ಲೇ ಬಿದ್ದಿರುತ್ತಿತ್ತು. ಮೈದಾ ಹಳೆಯದೆಂದು ಅಂಗಡಿಯವನ ಮೇಲೆ ಹರಿಹಾಯ್ದಳು. ಒಲೆ ಸರಿಯಿಲ್ಲವೆಂದು ಅದನ್ನು ಕಿತ್ತು ಹೊಸ ಒಲೆ ಹಾಕಿದಳು. ಪಕ್ಕದ ಮನೆಯ ತಂಗಮ್ಮ ಬೇಲಿಯಾಚೆಯಿಂದ "ಇಟ್ಟು ಎಷ್ಟು ಬೆಳ್ಳಗೈತೆ" ಅಂದದ್ದೇ ತಡ, ಇದು ದೃಷ್ಟಿಯ ಕೆಲಸವೇ ಎಂದು ತೀರ್ಮಾನಿಸಿ, ಉಪ್ಪು ಮೆಣಸಿನಕಾಯಿ ಹಿಡಿದು ಹಿಟ್ಟಿನ ಬೋಗುಣಿಗೆ ಇಳಿ ತೆಗೆದು ಒಲೆಗೆ ಹಾಕಿದಳು. ಮನೆಯವರೆಲ್ಲ ಕೆಮ್ಮಿದರು. ಹಿಟ್ಟು ಮಾತ್ರ ಉಬ್ಬಲಿಲ್ಲ.

ಅಷ್ಟರಲ್ಲಿ ಊರಲ್ಲಿ ತಮಟೆ ಸಾರಿದರು. ಸಾವಿರದ ಒಂಬೈನೂರ ಮೂವತ್ತೇಳರ ಅಕ್ಟೋಬರಿನಿಂದ ಇಡೀ ಸೇಲಂ ಜಿಲ್ಲೆಯಲ್ಲಿ ಯಾರೂ ಹೆಂಡ ಇಳಿಸುವಂತಿಲ್ಲ, ಮಾರುವಂತಿಲ್ಲ. ಚಿನ್ನಪ್ಪ ಒಂದು ಬೆಳಗ್ಗೆ ಮುಖ ಸಣ್ಣಗೆ ಮಾಡಿಕೊಂಡು ಗಡಿಗೆ ಇಳಿಸಿದ. "ಇದೇ ಕೊನೇದು ಅಕ್ಕ. ನಾಳೆಯಿಂದ ಮರ ಅತ್ತಂಗಿಲ್ಲ."

ಅಂಜಮ್ಮ ಬಾವಿಗೆ ಹೊರಟವಳು ಹಗ್ಗ ಮರೆತು ಅರ್ಧ ದಾರಿಯಿಂದ ಹಿಂದಿರುಗಿದಳು. ಅಡುಗೆಮನೆಯಲ್ಲಿ ಮಾವ ಎರಡೂ ಕೈಯಲ್ಲಿ ಗಡಿಗೆಯನ್ನು ಬಾಯಿ ಹತ್ತಿರಕ್ಕೆ ಎತ್ತಿ ಹಿಡಿದಿದ್ದ. ಪಕ್ಕದಲ್ಲಿ ಒಂದು ಚೊಂಬು ನೀರು ಸಿದ್ಧವಾಗಿತ್ತು.

"ದಿನಾ ಇದೇನಾ ಮಾಡ್ತಿದ್ದಿದ್ದು?" ಅಂದಳು.

"ಎಲ್ಲಾ ಕುಡೀತಿರ್ಲಿಲ್ಲ ಕಣಮ್ಮ," ಅಂದ ಮುದುಕ. "ನಾಕ್ರಲ್ಲಿ ಮೂರು ಪಾಲು ಅಷ್ಟೆ. ಆಮ್ಯಾಲೆ ನೀರು ಬೆರಸಿ ಇಡ್ತಿದ್ದೆ."

"ಬ್ರೆಡ್ಡು ಬ್ರೆಡ್ಡು ಅಂತ ನನ್ ಪ್ರಾಣ ತಿಂದ್ರಲ್ಲ ಮಾವ."

"ಬ್ರೆಡ್ಡಿಗೆ ಅಂದ್ರೆ ತಾನೆ ನೀನು ಎಂಡ ತರ್ಸೋದು."

"ಅಂಗಡಿಯವನ್ನ ಬೈದೆ, ಪಾಪ ಆ ತಂಗಮ್ಮನ ಕಣ್ಣಿಗೆ ಬೈದೆ. ನೋಡಿ ಈ ಕೈನ." ಕೆಂಡ ತಾಗಿ ಬೊಬ್ಬೆ ಎದ್ದ ಬೆರಳುಗಳನ್ನು ಮಾವನ ಮುಖಕ್ಕೆ ಹಿಡಿದಳು. ಹಾಗೆ ಹಿಡಿದವಳೇ ನೆಲಕ್ಕೆ ಕುಸಿದು ಅಳತೊಡಗಿದಳು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಕುಡೀರಿ. ಪೂರ್ತಿ ಕುಡೀರಿ. ನಾಳೆಯಿಂದ ಎಂಡಾನೂ ಇಲ್ಲ, ಬ್ರೆಡ್ಡೂ ಇಲ್ಲ. ಸ್ವಲ್ಪ ದಿನಕ್ಕೆ ನೀವೂ ಇರಲ್ಲ. ಆಮ್ಯಾಲೆ ನಾನು ಯಾರನ್ನ ಬೈಯ್ಲಿ?"

ದೊಡ್ಡಮುನಿಯಪ್ಪ ಆ ಬೆರಳುಗಳನ್ನು ನೋಡಿದ. ಗಡಿಗೆಯನ್ನು ನೋಡಿದ. ಒಂದು ಬೆರಳು ಅದ್ದಿ ನೆಕ್ಕಿದ. ಆಮೇಲೆ ಗೋಡೆ ಹಿಡಿದುಕೊಂಡು ಬೋಗುಣಿಯವರೆಗೆ ಹೋಗಿ, ನೀರು ಬೆರೆಸದ ಹೆಂಡವನ್ನು ತಾನೇ ಮೈದಾಕ್ಕೆ ಸುರಿದ.

"ನಾದು," ಅಂದ.

ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಮುಚ್ಚಿದ ಬಟ್ಟೆಯನ್ನು ಮೇಲಕ್ಕೆ ಎತ್ತಿತ್ತು. ಇಷ್ಟು ದಿನ ಏನು ರೋಗ ಬಂದಿತ್ತು ನಿನಗೆ ಎಂದು ಅದಕ್ಕೂ ಬೈದು, ಒಂದು ಉಂಡೆ ಎತ್ತಿಟ್ಟು, ಉಳಿದದ್ದನ್ನು ಅಂಜಮ್ಮ ಬೇಯಿಸಿದಳು. ಮುದುಕ ಹಾಲಲ್ಲಿ ಅದ್ದಿ ತಿಂದು ಇನ್ನೊಂದು ಚೂರು ಕೇಳಿದ.

ಆ ಉಂಡೆಯಿಂದ ಮುಂದಿನ ಹಿಟ್ಟು ಉಬ್ಬಿತು, ಅದರ ಉಂಡೆಯಿಂದ ಅದರ ಮುಂದಿನದು. ದೊಡ್ಡಮುನಿಯಪ್ಪ ಕೋಲು ಹಿಡಿದು ಸ್ಟೇಷನ್ನಿನ ತನಕ ಹೋಗಿಬರುವಷ್ಟಾದ. ಹೆಂಡದಂಗಡಿಗೆ ಬೀಗ ಬಿದ್ದಿತ್ತು. ಸಂಜೆ ಮನೆಗೆ ಬಂದವನು ಮೊದಲು ಬೋಗುಣಿಯ ಹತ್ತಿರ ಕೂತು, ಬಟ್ಟೆ ಎತ್ತಿ, ಕಣ್ಣು ಮುಚ್ಚಿಕೊಂಡು ಆ ಉಂಡೆಯ ಹುಳಿವಾಸನೆ ಎಳೆದುಕೊಳ್ಳುತ್ತಿದ್ದ.

"ಸಾಕು ಮುಚ್ಚಿ ಮಾವ. ಗಾಳಿ ತಗುಲ್ತೈತೆ," ಅನ್ನುತ್ತಿದ್ದಳು ಅಂಜಮ್ಮ ಒಲೆಯ ಕಡೆಯಿಂದ.

"ಮುಚ್ದೆ ಕಣಮ್ಮ," ಅಂದು ಅವನು ಇನ್ನೊಮ್ಮೆ ಮೂಸುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ.