ಕಿವಿಗೆ ಹಿಡಿದ ಕಾಯಿ

ನಮ್ಮ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಸುಲಿಯಲು ದಂಡಿನಶಿವರದ ಕಡೆಯಿಂದ ಒಬ್ಬರು ಬರುತ್ತಿದ್ದರು. ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಸುಲಿಯುವರು. ಇಲ್ಲದಿದ್ದರೆ, "ಇದಿನ್ನೂ ಮಾತಾಡ್ತಿಲ್ಲ, ಇರ್ಲಿ ಬುಡು" ಎಂದು ಪಕ್ಕಕ್ಕಿಡುವರು.

ಒಂದು ವರ್ಷ ಅವರ ಎಡಗಣ್ಣು ಕೆಂಡದಂತಾಗಿತ್ತು. ಬಿಸಿಲಲ್ಲಿ ಕಣ್ಣು ಬಿಡಲಾರರು. ಊರವರು ಕುಡಿತ ಅಂದರು. ಇವರೋ ಕಾಫಿಯನ್ನೂ ಮುಟ್ಟಿದವರಲ್ಲ. ಊದಿದ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು, ಕಾಲಿನ ಮೇಲೆದ್ದ ಕೆಂಪು ಗಂಟುಗಳಿಗೆ ಅರಿಶಿನ ಹಚ್ಚುತ್ತಿದ್ದರು. ನೋಟ ಮಂಜಾದಾಗ ನಾನೇ ತಿಪಟೂರಿಗೆ, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಮಂಡಿ ಮುಟ್ಟಿ ನೋಡಿದರು. ಆಮೇಲೆ, "ಹೊಟ್ಟೆ ಹೇಗಿದೆ? ಕಕ್ಕಸಿಗೆ ಹೋದಾಗ ರಕ್ತ ಬರುತ್ತಾ?" ಎಂದು ಕೇಳಿದರು.

ಕಣ್ಣಿನ ಡಾಕ್ಟರಿಗೆ ಹೊಟ್ಟೆಯ ಗೊಡವೆ ಏಕೆಂದು ನನಗೆ ಸೋಜಿಗ. ನನ್ನ ಪಕ್ಕದಲ್ಲಿ ಕೂತಿದ್ದ ಅವರು ಮಾತ್ರ ತಲೆ ತಗ್ಗಿಸಿ, "ನಾಕು ವರ್ಷ ಆಯ್ತು ಸ್ವಾಮಿ" ಅಂದರು.

ದೊಡ್ಡಾಸ್ಪತ್ರೆಯ ಪರೀಕ್ಷೆಯಲ್ಲಿ ಗೊತ್ತಾಯಿತು: ಅವರದು ಕರುಳಿನ ಉರಿಯೂತ. ಕಣ್ಣು, ಮಂಡಿ, ಚರ್ಮ, ಎಲ್ಲ ಕಡೆಯೂ ತಲೆ ಎತ್ತಿದ್ದು ಅದೇ ಒಂದು ಕಾಯಿಲೆ. ಚಿಕಿತ್ಸೆ ಸಿಕ್ಕಿ ಕಣ್ಣು ಉಳಿಯಿತು.

ಮರುವರ್ಷ ಸುಲಿಯಲು ಬಂದಾಗ ಕೇಳಿದೆ, "ನಾಕು ವರ್ಷ ಯಾಕಣ್ಣ ಬಾಯೇ ಬಿಡಲಿಲ್ಲ?"

ಅವರು ಕೈಯಲ್ಲಿದ್ದ ಕಾಯಿಯನ್ನು ನನ್ನ ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಕಾಯೂ ತಾನಾಗಿ ಹೇಳಲ್ಲ ಕಣಪ್ಪ. ಯಾರಾದ್ರೂ ಕೇಳ್ಬೇಕು."