ನನಗೆಂದೇ ಒಂದು ಕೌದಿ

ಹಾವೇರಿಯಲ್ಲಿ ಕೌದಿಗಳ ಪ್ರದರ್ಶನ ಇಟ್ಟಿದ್ದಾರೆಂದು ಕೇಳಿದಾಗ, ಕೌದಿ ನೋಡುವ ಆಸೆಗಿಂತ ಮನೆಯಿಂದ ಹೊರಬೀಳುವ ಆಸೆಯೇ ನನಗೆ ಹೆಚ್ಚಾಗಿತ್ತು. ಅತ್ತೆಗೆ ಪಾರ್ಶ್ವವಾಯು ಬಡಿದು, ಹಾಸಿಗೆ ಹಿಡಿದು ವರ್ಷಗಳೇ ಆಗಿದ್ದವು. ಬಲಗೈಯೊಂದು ಆಡುತ್ತಿತ್ತು, ಬಾಯಿ ಮಾತ್ರ ಮೊದಲಿನಂತೆಯೇ ಜೋರು. ರಾಣೆಬೆನ್ನೂರಿನ ನಾದಿನಿಯನ್ನು ಕಾಡಿ ಬೇಡಿ ಕರೆಸಿ, ಒಂದು ಮಧ್ಯಾಹ್ನದ ಮಟ್ಟಿಗೆ ತಾಯಿಯ ಹತ್ತಿರ ಕೂರಿಸಿ, ಬ್ಯಾಡಗಿಯಲ್ಲಿ ಬಸ್ಸು ಹತ್ತಿದೆ. ಸೀಟು ಸಿಕ್ಕಿದ್ದೇ ತಡ ನಿದ್ದೆ ಹತ್ತಿತು. ಹಾವೇರಿ ಬಂದಾಗ ಕಂಡಕ್ಟರ್ ಎಬ್ಬಿಸಬೇಕಾಯಿತು.

ಮಹಿಳಾ ಸಂಘದವರು ಸಭಾಭವನದ ಉದ್ದಕ್ಕೂ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟಿದ್ದರು. ‘ಮುಟ್ಟಬೇಡಿ’ ಎಂಬ ಚೀಟಿ ಬೇರೆ. ಕೌದಿಯನ್ನು ಮುಟ್ಟದೆ ನೋಡುವುದು ಹೇಗೆ? ಬಂದ ಹೆಂಗಸರೆಲ್ಲ ಚೀಟಿಯ ಎದುರೇ ಮೂಲೆ ಮಗುಚಿ ಹಿಂಬದಿಯ ಹೊಲಿಗೆ ನೋಡುತ್ತಿದ್ದರು. ಗುತ್ತಲದಿಂದ ಬಂದಿದ್ದ ಒಬ್ಬ ಮುದುಕಿಯಂತೂ “ಮುಂದ ಚಂದ, ಹಿಂದ ಬರೇ ಗಂಟು” ಎಂದು ತೀರ್ಪು ಕೊಟ್ಟು ಮುಂದಿನದಕ್ಕೆ ಹೋಗುತ್ತಿದ್ದಳು. ನಾನೂ ಅವಳ ಬೆನ್ನು ಹತ್ತಿದೆ. ಎಷ್ಟೋ ದಿನಗಳ ಮೇಲೆ ಬಾಯಿತುಂಬ ನಕ್ಕೆ.

ಕೆಂಪು ಚೌಕಗಳ ಸುತ್ತ ಹಸಿರು ಮುಕ್ಕೋನಗಳ ಅಂಚಿದ್ದ ಒಂದು ಕೌದಿಯೆದುರು ಕಾಲು ನಿಂತುಬಿಟ್ಟವು. ಇಂಥದೊಂದು ನನಗೆ ಬೇಕು ಅನಿಸಿತು. ನಾನು ಹೊಲಿದದ್ದು ಕಡಿಮೆಯೇನಲ್ಲ. ಆದರೆ ಒಂದು ನಾದಿನಿಯ ಬಾಣಂತನಕ್ಕೆ, ಒಂದು ಮಗಳ ಮದುವೆಗೆ, ಒಂದು ಯಾರದೋ ತೊಟ್ಟಿಲಿಗೆ ಹೋಗಿ, ನನಗೆಂದು ಒಂದೂ ಉಳಿದಿರಲಿಲ್ಲ. ಮೊದಲು ದೊಡ್ಡದೊಂದು ನನಗೆ, ಉಳಿದ ತುಂಡುಗಳಲ್ಲಿ ಕೂರುವುದಕ್ಕೊಂದು ಚಿಕ್ಕ ಹಾಸು ಎಂದು ಅಲ್ಲೇ ಮನಸ್ಸಿನಲ್ಲಿ ಕತ್ತರಿ ಆಡಿಸಿದೆ. ತೊಡಕೆಂದರೆ, ಮೆತ್ತನೆಯ ಹಳೇ ಸೀರೆಗಳೆಲ್ಲ ಅತ್ತೆಯ ಟ್ರಂಕಿನಲ್ಲಿದ್ದವು. ಅದರ ಕೀಲಿ ಅವರ ದಿಂಬಿನ ಕೆಳಗೆ.

ಅಷ್ಟರಲ್ಲಿ, ಮನೆಗೆ ಹೊಸದಾಗಿ ಬಂದಿದ್ದ ಮೊಬೈಲು ಚೀಲದೊಳಗೆ ಒದರತೊಡಗಿತು. “ವೈನೀ, ಲಗೂ ಬರ್ರಿ. ಅವ್ವ ನನ್ನ ಕೈಯಾಗ ಗಂಜೀನೂ ಕುಡೀವಲ್ಲಳು” ಎಂದಳು ನಾದಿನಿ.

ಮನೆಗೆ ಬಂದು ಅತ್ತೆಗೆ ಗಂಜಿ ಕುಡಿಸಿ, ಸೀರೆ ಬದಲಿಸಿ, ಬೆನ್ನು ಒರೆಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಆ ದಣಿವಿಗೇ ಇರಬೇಕು, ಹೆದರಿಕೆ ಹೋಗಿ ಕೇಳಿಯೇಬಿಟ್ಟೆ.

“ಅತ್ತಿ, ನಿಮ್ಮ ಟ್ರಂಕಿನಾಗಿನ ಸೀರಿ ಕೊಡ್ತೀರೇನು? ಒಂದು ಕೌದಿ ಹೊಲೀಬೇಕಂತ ಮಾಡೇನಿ.”

“ಯಾರಿಗೆ?”

“ನನಗ ರೀ.”

ಬೈಗುಳಕ್ಕೆ ಕಾದೆ. ಅವರು ದಿಂಬಿನ ಕೆಳಗೆ ತಡಕಾಡಿ, ಕೀಲಿ ತೆಗೆದು ನನ್ನ ಮಡಿಲಿಗೆ ಹಾಕಿದರು.

“ಇಳಕಲ್ ಸೀರೀನೂ ತಗೋ. ಆದ್ರ ಒಂದು ಮಾತು. ಹೊಲಿದ ಮ್ಯಾಲ ಅದನ್ನ ನನ್ನ ಮೈಮ್ಯಾಲ ಮಾತ್ರ ಹಾಕಬ್ಯಾಡ.”

ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಉಣಿಸಿ ತೊಳೆದ ಕೈ ಹೊಲಿದ ಕೌದಿ ಇವರಿಗೆ ಬೇಡವಾಯಿತೇ? “ಯಾಕ ರೀ, ನಾ ಹೊಲಿದದ್ದು ನಿಮಗ ಚುಚ್ಚತೈತೇನು?” ಎಂದೆ.

“ಹುಚ್ಚಿ, ಅದನ್ನ ಹೊತ್ಕೊಂಡು ನಾ ಸತ್ತರ ಮಂದಿ ಅದನ್ನೂ ಹೊರಗ ಒಗೀತಾರ. ಸತ್ತವರ ಹಾಸಿಗಿ ಮನ್ಯಾಗ ಇಟ್ಕೋತಾರೇನು? ಮತ್ತ ನಿನಗ ಏನೂ ಉಳಿಯೂದಿಲ್ಲ.”

ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಳು ಬಂತು, ಆದರೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಅತ್ತೆಗೆ ನಿದ್ದೆ ಹತ್ತಿದಾಗೊಂದು ಸಾಲು, ಒಲೆಯ ಮೇಲೆ ಬೇಳೆ ಬೇಯುವಾಗೊಂದು ಸಾಲು ಎಂದು ಕುಂಟುತ್ತ ಹೊಲಿದೆ. ಎಷ್ಟೋ ಸಲ ಸೂಜಿ ಹಿಡಿದೇ ತೂಕಡಿಸಿದೆ. ಕೌದಿ ಮುಗಿಯುವ ಹೊತ್ತಿಗೆ ಚಳಿ ಬಿದ್ದಿತ್ತು, ಅತ್ತೆಯ ಮಾತೂ ನಿಂತುಹೋಗಿತ್ತು. ಒಂದು ಬೆಳಿಗ್ಗೆ, ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ಹೊದಿಸಿದರೂ ಅವರ ನಡುಕ ನಿಲ್ಲಲಿಲ್ಲ. ಹಿಂದುಮುಂದು ನೋಡದೆ ನನ್ನ ಕೌದಿ ತಂದು ಮೇಲೆ ಹಾಕಿದೆ. ಅವರು ಕಣ್ಣು ತೆರೆದು ಅದನ್ನು ನೋಡಿದರು. ನಡುಗುತ್ತಲೇ ಅದರ ಅಂಚು ಹಿಡಿದು, ಮೈಮೇಲಿಂದ ಸ್ವಲ್ಪ ಸ್ವಲ್ಪವೇ ಸರಿಸಿ, ನನ್ನ ಕಡೆಗೆ ನೂಕಿದರು.