ತಂಗಮಣಿ ಅಕ್ಕ ಕೇಳಿದ ಬಂಡವಾಳ

ಕಾರ್ಖಾನೆಯ ಕೆಲಸಗಾರರು ಕಣ್ಣಿಗೆ ಕಿಡಿ ಹಾರದಿರಲೆಂದು ಕಟ್ಟಿಕೊಳ್ಳುವ ದಪ್ಪ ಗಾಜಿನ ಕನ್ನಡಕವನ್ನು ತಂಗಮಣಿ ಅಕ್ಕ ಈರುಳ್ಳಿ ಹೆಚ್ಚುವಾಗ ಹಾಕಿಕೊಳ್ಳುತ್ತಿದ್ದರು. ಭದ್ರಾವತಿಯ ನ್ಯೂ ಟೌನಿನಲ್ಲಿ, ನನ್ನ ಫೋಟೋ ಸ್ಟುಡಿಯೋದ ಎದುರಿನ ಬೇವಿನ ಮರದ ಕೆಳಗೆ, ದಿನವೂ ಸಂಜೆ ಅವರ ಬೋಂಡಾ ಗಾಡಿ ಬಂದು ನಿಲ್ಲುತ್ತಿತ್ತು. ಹಣೆಗೆ ಕಾಸಗಲದ ಕುಂಕುಮ, ಮುಡಿಯಲ್ಲಿ ಕನಕಾಂಬರ, ಅದರ ಮೇಲೆ ಬಿಗಿದ ರಬ್ಬರ್ ಪಟ್ಟಿಯ ಆ ಕನ್ನಡಕ. ಹೊಸಬರು ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುವರು. "ಏನ್ ಸಾಮಿ ಹಂಗ್ ನೋಡ್ತೀರಿ? ವಿಮಾನ ಓಡಿಸ್ತಾ ಇಲ್ಲ, ಈರುಳ್ಳಿ ಹೆಚ್ತಾ ಇದೀನಿ" ಎನ್ನುತ್ತಿದ್ದರು ಅಕ್ಕ, ಕೈ ನಿಲ್ಲಿಸದೆ.

ಕನ್ನಡಕ ಅವರ ಯಜಮಾನರದು. ಅವರು ತೀರಿಕೊಂಡ ಮೇಲೆ ಬಟ್ಟೆ, ಸೈಕಲ್ಲು, ರೇಡಿಯೋ ಎಲ್ಲವನ್ನೂ ಬೇಕಾದವರಿಗೆ ಕೊಟ್ಟ ಅಕ್ಕ ಇದೊಂದನ್ನು ಇಟ್ಟುಕೊಂಡಿದ್ದರು. ನೆನಪಿಗೇನೋ ಎಂದುಕೊಂಡು ಒಮ್ಮೆ ಕೇಳಿದೆ.

"ನೆನಪಿಗೆ ಫೋಟೋ ಇದೆಯಲ್ಲ ತಮ್ಮಾ. ಇದು ಉಪಯೋಗಕ್ಕೆ ಬರುತ್ತೆ" ಎಂದರು.

ಮನೆಮಾತು ತಮಿಳು, ಹುಟ್ಟಿ ಬೆಳೆದದ್ದೆಲ್ಲ ಭದ್ರಾವತಿ. ಸಿಟ್ಟು ಬಂದರೆ ತಮಿಳಿನಲ್ಲಿ ಬೈಯುತ್ತಿದ್ದರು. ತೀರಾ ಸಿಟ್ಟು ಬಂದರೆ, ಬೈಸಿಕೊಳ್ಳುವವನಿಗೆ ಪೂರ್ತಿ ಅರ್ಥವಾಗಲೆಂದು ಕನ್ನಡಕ್ಕೆ ಬರುತ್ತಿದ್ದರು. ನನಗೆ ಎರಡೂ ಭಾಷೆಯ ಪ್ರಸಾದ ಸಿಕ್ಕಿದೆ.

ಒಂದು ಸಂಜೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಕ ಫೋನು ಹಿಡಿದುಕೊಂಡು ಸ್ಟುಡಿಯೋ ಒಳಗೆ ಬಂದರು. ಯಾರೋ ಒಂದು ಮಗುವಿನ ಆಪರೇಷನ್ನಿಗೆ ಹಣ ಕೇಳಿ ಆನ್‌ಲೈನಿನಲ್ಲಿ ಹಾಕಿದ್ದ ವಿಡಿಯೋ ಅದು. ಇದೇನು, ಇದಕ್ಕೆ ಯಾರು ಕೊಡುತ್ತಾರೆ ಎಂದು ಕೇಳಿದರು. ಎಲ್ಲೆಲ್ಲಿಯವರೋ, ಗುರುತಿಲ್ಲದವರೇ ಕೈಲಾದಷ್ಟು ಕಳಿಸುತ್ತಾರೆ ಎಂದು ವಿವರಿಸಿದೆ. ಅಕ್ಕ ವಿಡಿಯೋ ನಿಲ್ಲಿಸಿ, "ಕಾಯಿಲೆ ಬಿದ್ದೋರಿಗೆ ಕೊಡ್ತಾರೆ, ಸರಿ. ಗಟ್ಟಿಮುಟ್ಟಾಗಿರೋರು ಕೆಲ್ಸ ಶುರು ಮಾಡ್ತೀವಿ ಅಂತ ಕೇಳಿದ್ರೆ ಕೊಡಲ್ವಾ?" ಎಂದರು.

ಅವರ ಮನಸ್ಸಿನಲ್ಲಿದ್ದವಳು ಗಿರಿಜಾ. ಅಕ್ಕನ ಪಕ್ಕದ ಮನೆಯವಳು. ನ್ಯೂ ಟೌನಿನ ಅಂಚಿಗೆ ಶೀಟಿನ ಮನೆಗಳ ಸಾಲೊಂದಿದೆ, ಇಬ್ಬರೂ ಅಲ್ಲಿದ್ದರು. ಗಿರಿಜಾ ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಮುಹೂರ್ತಗಳಿದ್ದರೆ ಕೂಲಿ, ಆಷಾಢ ಬಂದರೆ ಅದೂ ಇಲ್ಲ. ಅವಳು ಮಾಡುವ ತಟ್ಟೆ ಇಡ್ಲಿ ಮಾತ್ರ ಆ ಸಾಲಿಗೆಲ್ಲ ಹೆಸರಾಗಿತ್ತು. ಒಂದು ಗಾಡಿ, ಒಂದು ಗ್ರೈಂಡರು, ಪಾತ್ರೆಗಳು, ಒಲೆ ಇಷ್ಟಾದರೆ ತನ್ನ ಕಾಲ ಮೇಲೆ ನಿಲ್ಲುತ್ತಾಳೆ ಎಂಬುದು ಅಕ್ಕನ ಲೆಕ್ಕ. ಗಿರಿಜಾಳನ್ನು ಕೇಳಿದರೆ, "ನಂಗ್ಯಾರು ಕೊಡ್ತಾರೆ ಅಕ್ಕಾ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಹಣ ಸಂಗ್ರಹಿಸುವ ಒಂದು ವೆಬ್‌ಸೈಟಿನಲ್ಲಿ ನಾನು ಅವಳ ಹೆಸರು ಹಾಕಿದೆ. ಅಲ್ಲಿಂದ ಒಬ್ಬ ಹುಡುಗ ಫೋನು ಮಾಡಿದ. ತುಂಬ ವಿನಯದ ಹುಡುಗ. ಅಕ್ಕನೇ ಮಾತಾಡಲೆಂದು ನಾನು ಸ್ಪೀಕರಿಗೆ ಹಾಕಿದೆ.

"ಮೇಡಂ, ವಿಡಿಯೋ ಸ್ವಲ್ಪ ಎಮೋಷನಲ್ ಆಗಿರ್ಲಿ. ಹಳೇ ಸೀರೆ ಉಟ್ಕೊಂಡು, ಮನೆ ಒಳಗೆ, ಒಡೆದ ಗೋಡೆ ಏನಾದ್ರೂ ಇದ್ರೆ ಅದ್ರ ಹತ್ರ ಕೂತ್ಕೊಂಡು ಮಾತಾಡ್ಲಿ. ಕಣ್ಣಲ್ಲಿ ನೀರು ಬಂದ್ರೆ ಒಳ್ಳೇದು."

"ಗೋಡೆಗೆ ಮೊನ್ನೆ ದೀಪಾವಳಿಗೆ ತಾನೇ ಸುಣ್ಣ ಹೊಡ್ದಿದಾಳೆ ಸಾಮಿ" ಎಂದರು ಅಕ್ಕ. "ನಿಮ್ಗೋಸ್ಕರ ಕೆಡವ್ಲಾ?"

ಅಕ್ಕ ಫೋನಿನ ಹತ್ತಿರಕ್ಕೆ ಬಾಗಿದರು.

"ನೀವೇ ಹೇಳಿ, ಅಳ್ತಾ ಇಡ್ಲಿ ಕೊಟ್ರೆ ನೀವು ತಿಂತೀರಾ?"

ಹುಡುಗ ನಕ್ಕುಬಿಟ್ಟ. "ನಿಮ್ಮಿಷ್ಟ ಮೇಡಂ, ಆದ್ರೆ ಹಣ ಬರೋದು ನಿಧಾನ ಆಗಬಹುದು" ಎಂದ.

ಮರುದಿನ ಅಕ್ಕ ತಮ್ಮ ಮದುವೆಯ ಅರಿಶಿನ ಬಣ್ಣದ ರೇಷ್ಮೆ ಸೀರೆಯನ್ನು ಗಿರಿಜಾಳಿಗೆ ಉಡಿಸಿ, ಮಲ್ಲಿಗೆ ಮುಡಿಸಿ, ಬೋಂಡಾ ಗಾಡಿಯ ಮುಂದೆ ನಿಲ್ಲಿಸಿದರು. ಮಾತಾಡು ಎಂದರೆ ಅವಳಿಗೆ ಬಾಯಿ ಬರಲಿಲ್ಲ. ಅಕ್ಕನೇ ಕ್ಯಾಮೆರಾ ನೋಡಿ ಹೇಳಿದರು: "ಇವಳು ಗಿರಿಜಾ. ಬಡವಿ ಅಲ್ಲ. ಕೈಯಲ್ಲಿ ಕೆಲ್ಸ ಇದೆ, ಮೈಯಲ್ಲಿ ಶಕ್ತಿ ಇದೆ. ಬಂಡವಾಳ ಇಲ್ಲ, ಅಷ್ಟೆ. ಅದನ್ನ ನೀವು ಹಾಕಿ. ಭದ್ರಾವತಿ ಕಡೆ ಬಂದಾಗ ಇಡ್ಲಿ ತಿಂದು ಹೋಗಿ. ದುಡ್ಡು ಕೊಟ್ಟು ತಿನ್ನಿ."

ಹುಡುಗ ಹೇಳಿದ್ದು ನಿಜವಾಯಿತು. ವಾರ ಕಳೆದರೂ ಹಣ ಮಿಸುಕಲಿಲ್ಲ. ನನ್ನದೇ ಒಂದು ಚಿಕ್ಕ ಮೊತ್ತ ಅಲ್ಲಿ ಒಂಟಿಯಾಗಿ ಕೂತಿತ್ತು. ಗಿರಿಜಾ ಮತ್ತೆ ಪಾತ್ರೆ ತೊಳೆಯಲು ಹೊರಟಳು. ಅಕ್ಕ ಸೋಲಲಿಲ್ಲ. "ನಮ್ಮೂರೋರೇ ಹಾಕ್ದೆ ಬೇರೆಯೋರು ಯಾಕೆ ಹಾಕ್ಬೇಕು?" ಎಂದು ಫೋನು ಹಿಡಿದು ಹೊರಟರು. ಟೀ ಅಂಗಡಿ, ಕಟಿಂಗ್ ಶಾಪು, ಆಟೋ ಸ್ಟ್ಯಾಂಡು, ಯಾವುದನ್ನೂ ಬಿಡಲಿಲ್ಲ. ಬೋಂಡಾ ತಿನ್ನಲು ಬಂದವರಿಗೆ ಮೊದಲು ವಿಡಿಯೋ, ಆಮೇಲೆ ಬೋಂಡಾ. "ಹತ್ತು ರೂಪಾಯಿ ಹಾಕಿ ಸಾಮಿ, ಜಾಸ್ತಿ ಬೇಡ. ಆದ್ರೆ ಹೆಸರು ಹಾಕಿ. ನಾಲ್ಕು ಜನ ನೋಡ್ಲಿ" ಎನ್ನುವರು. ಊರಿನವರು ಹಾಕಿದರು, ಹಾಕಿದವರು ವಿಡಿಯೋವನ್ನು ತಮ್ಮ ನೆಂಟರಿಗೆ ಕಳಿಸಿದರು. ಶಿವಮೊಗ್ಗ, ದಾವಣಗೆರೆ, ಕೊನೆಗೆ ದುಬೈವರೆಗೂ ಗಿರಿಜಾಳ ರೇಷ್ಮೆ ಸೀರೆ ಹೋಯಿತು. ಗಾಡಿಗೂ ಸಾಮಾನಿಗೂ ಸಾಕಾಗುವಷ್ಟು ಕೂಡಿತು.

ಆಗಲೇ ಟೀ ಅಂಗಡಿಯ ಗೋವಿಂದಪ್ಪ ಒಂದು ಮಾತು ಆಡಿದ. "ತಂಗಮಣಿ ಸುಮ್ನೆ ಓಡಾಡ್ತಾಳಾ? ಅವಳ ಪಾಲು ಎಷ್ಟೋ!" ಮಾತು ಸಾಲು ಮನೆಗಳಿಗೂ ಮುಟ್ಟಿತು. ಆ ಸಂಜೆ ಅಕ್ಕ ಗಾಡಿ ಹಾಕಿದರು, ಬೋಂಡಾ ಕರಿದರು, ಆದರೆ ಯಾರನ್ನೂ ಮಾತಾಡಿಸಲಿಲ್ಲ. ಅವರು ಎರಡೂ ಭಾಷೆಯಲ್ಲಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಗಾಡಿ ಮುಚ್ಚುವಾಗ, "ಇದೆಲ್ಲ ನಂಗ್ಯಾಕೆ ಬೇಕಿತ್ತು ತಮ್ಮಾ. ನಾನು ಬೋಂಡಾ ಮಾರ್ಕೊಂಡು ಇರ್ಬೇಕಿತ್ತು" ಎಂದರು. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಬೆಳಿಗ್ಗೆ ನಾನು ಸ್ಟುಡಿಯೋ ಬಾಗಿಲು ತೆಗೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಗಿರಿಜಾ.

"ಮದುವೆಗಳಲ್ಲಿ ಲೈವ್ ಅಂತ ಹಾಕ್ತೀಯಲ್ಲ, ಎಲ್ರಿಗೂ ಆಗಲೇ ಕಾಣೋ ಹಂಗೆ? ಅದನ್ನ ಇವತ್ತು ಹಾಕು. ಸಾಮಾನು ತರೋಕೆ ಹೋಗೋಣ. ಕೊಟ್ಟೋರೆಲ್ಲ ನೋಡ್ಲಿ."

ಮೂವರೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದೆವು. ಗಾಂಧಿ ಬಜಾರಿನ ಒಂದು ಪಾತ್ರೆ ಅಂಗಡಿ. ನಾನು ಫೋನು ಎತ್ತಿ ಹಿಡಿದೆ. ಅಂಗಡಿಯವನು ಗ್ರೈಂಡರಿನ ಬೆಲೆ ಹೇಳಿದ. ಅಕ್ಕ ಕ್ಯಾಮೆರಾ ಕಡೆ ತಿರುಗಿ, "ಕೇಳಿಸ್ತಾ? ಭಾಯಿ ಇಷ್ಟು ಹೇಳ್ತಾ ಇದಾರೆ. ಏನಂತೀರಿ?" ಎಂದರು.

ಜನ ಬರೆಯತೊಡಗಿದರು. ಜಾಸ್ತಿಯಾಯ್ತು ಎಂದು ಒಬ್ಬರು. ಇಡ್ಲಿ ಪಾತ್ರೆಯ ತಳ ದಪ್ಪ ಇದೆಯಾ ತಿರುಗಿಸಿ ತೋರಿಸಿ ಎಂದು ದುಬೈನಿಂದ ಒಬ್ಬ ಹೆಂಗಸು. ನಾನು ಓದಿ ಹೇಳುವುದು, ಅಕ್ಕ ಪಾತ್ರೆ ತಿರುಗಿಸುವುದು. ಅಂಗಡಿಯವನು ಬೆವರು ಒರೆಸಿಕೊಂಡು, "ಅಮ್ಮಾ, ನೀವೊಬ್ರೇ ಚೌಕಾಸಿ ಮಾಡಿದ್ರೆ ಹೆಂಗೋ ತಡ್ಕೋತೀನಿ. ಊರೆಲ್ಲ ಕರ್ಕೊಂಡು ಬಂದಿದೀರಲ್ಲ!" ಎಂದ.

"ನಮಸ್ಕಾರ ಹೇಳಿ ಭಾಯಿ, ಎಲ್ರೂ ನಿಮ್ಮನ್ನೇ ನೋಡ್ತಾ ಇದಾರೆ."

ಅವನು ಕೂದಲು ಸರಿಮಾಡಿಕೊಂಡು ಕೈಮುಗಿದ. ಬೆಲೆ ಇಳಿಯಿತು. ಅಷ್ಟರಲ್ಲಿ ಪರದೆಯ ಮೇಲೆ ಗೋವಿಂದಪ್ಪನ ಹೆಸರು ಬಂತು. ನಾನು ಓದಲೋ ಬೇಡವೋ ಎಂದು ತಡೆದೆ. "ಯಾರದು? ಓದು" ಎಂದರು ಅಕ್ಕ. ಓದಿದೆ: ಗ್ರೈಂಡರ್ ಹಂಗೇ ತಗೋಬೇಡ ತಂಗಮಣಿ, ಬೆಲ್ಟು ಎಳ್ದು ನೋಡು.

ಅಕ್ಕ ಬೆಲ್ಟು ಎಳೆದು ನೋಡಿದರು. ಸಡಿಲವಿತ್ತು. ಬೇರೆ ಗ್ರೈಂಡರು ತೆಗೆಸಿದರು. "ಉಪಕಾರ ಆಯ್ತು ಗೋವಿಂದಪ್ಪಾ. ಸಂಜೆ ಗಾಡಿ ಹತ್ರ ಬಾ, ಬೋಂಡಾ ಕೊಡ್ತೀನಿ" ಎಂದು ನಗುತ್ತಾ ಕೈ ಬೀಸಿದರು. ಅವನು ಬಂದ. ತಲೆ ತಗ್ಗಿಸಿ ತಿಂದ. ಪಾಲಿನ ಮಾತು ಅಲ್ಲಿಗೆ ಮುಗಿಯಿತು.

ಆ ಲೈವ್ ನಂತರ ಅಕ್ಕನಿಗೆ ಬಿಡುವಿರಲಿಲ್ಲ. ಮಾಚೇನಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಮುಚ್ಚಿಹೋಗಿ ಮನೆಯಲ್ಲಿ ಕೂತಿದ್ದ ಶಿವಣ್ಣನಿಗೆ ವೆಲ್ಡಿಂಗ್ ಮಿಷನ್ನು ಬೇಕಿತ್ತು. ಕ್ಯಾಮೆರಾ ಮುಂದೆ ಅವನು ಪೊಲೀಸ್ ಸ್ಟೇಷನ್ನಿನಲ್ಲಿ ನಿಂತ ಹಾಗೆ ನಿಂತ. "ನೀನು ಮಾತಾಡ್ಬೇಡ ಮಾರಾಯ, ಕೆಲ್ಸ ಮಾಡು" ಎಂದು ಅಕ್ಕ ಎಲ್ಲಿಂದಲೋ ಒಂದು ಮಿಷನ್ನು ಬಾಡಿಗೆಗೆ ತರಿಸಿ, ಪಾರ್ಕಿನಲ್ಲಿ ಮುರಿದುಬಿದ್ದಿದ್ದ ಮಕ್ಕಳ ಉಯ್ಯಾಲೆಗೆ ಬೆಸುಗೆ ಹಾಕಿಸಿದರು. ಗಟ್ಟಿಯಾಗಿದೆ ಎಂದು ತೋರಿಸಲು ತಾವೇ ಹತ್ತಿ ಕೂತು ಜೀಕಿದರು. ಆ ವಿಡಿಯೋ ನೋಡಿ ಜನ ಹಣ ಹಾಕಿದ್ದು ಬೆಸುಗೆಗೋ ಅಕ್ಕನ ಜೀಕಾಟಕ್ಕೋ ಹೇಳಲಾರೆ.

ಇನ್ನೊಮ್ಮೆ ಶಿವಮೊಗ್ಗದ ದೊಡ್ಡ ದಾನಿಗಳೊಬ್ಬರು ಕಾರಿನಲ್ಲಿ ಬಂದರು. ತಾವು ದಾನ ಕೊಟ್ಟ ಹಾಗೆ, ಗಿರಿಜಾ ತಮ್ಮಿಂದ ತಟ್ಟೆ ಇಸಿದುಕೊಳ್ಳುವಂತೆ ಒಂದು ಫೋಟೋ ಬೇಕು ಎಂದರು. "ಅವಳು ಕೊಡೋಳು ಸಾಮಿ, ಇಸ್ಕೊಳ್ಳೋರು ನೀವು. ಹಂಗೇ ತೆಗೀಲಿ" ಎಂದು ಅಕ್ಕ ಅವರ ಕೈಗೆ ಇಡ್ಲಿ ತಟ್ಟೆ ಕೊಡಿಸಿದರು. ತಿಂದ ಮೇಲೆ ದುಡ್ಡನ್ನೂ ಇಸಿದುಕೊಂಡರು. ಪುಣ್ಯಕ್ಕೆ ಅವರೂ ರಸಿಕರು. ಜೋರಾಗಿ ನಕ್ಕು, ಮಗಳ ನಿಶ್ಚಿತಾರ್ಥಕ್ಕೆ ಗಿರಿಜಾಳಿಗೇ ಇಡ್ಲಿ ಹೇಳಿ ಹೋದರು.

ಹೀಗಿರುವಾಗ ಸೇಲಂನಲ್ಲಿದ್ದ ಅಕ್ಕನ ತಂಗಿಗೆ ಪಾರ್ಶ್ವವಾಯು ಬಡಿಯಿತು. ನೋಡಿಕೊಳ್ಳುವವರಿಲ್ಲ. "ಹೋಗ್ತೀನಿ" ಎಂದರು ಅಕ್ಕ. ಎಷ್ಟು ದಿನಕ್ಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರು ಹೊರಟ ಬೆಳಿಗ್ಗೆ ಭದ್ರಾವತಿ ಸ್ಟೇಷನ್ನಿಗೆ ಇಡೀ ಸಾಲೇ ಬಂದಿತ್ತು. ಗಿರಿಜಾ, ಶಿವಣ್ಣ, ಅಕ್ಕ ಕೂಡಿಸಿಕೊಟ್ಟ ಬಂಡವಾಳದಲ್ಲಿ ಹೂವಿನ ಅಂಗಡಿ ಹಾಕಿದವರು, ಸೀರೆಗೆ ಫಾಲ್ಸು ಹೊಲಿಯುವವರು, ಹಿಂದೆ ಮರೆಯಲ್ಲಿ ಗೋವಿಂದಪ್ಪ. ಅಕ್ಕನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆವು. ಅವರು ಒಬ್ಬೊಬ್ಬರ ಮುಖವನ್ನೂ ನೋಡಿ, ತಮಿಳನ್ನು ಬಿಟ್ಟು ನೇರ ಕನ್ನಡಕ್ಕೇ ಬಂದರು.

"ಬುದ್ಧಿ ಇದೆಯೇನ್ರೇ ನಿಮ್ಗೆ? ವ್ಯಾಪಾರದ ಹೊತ್ತಲ್ಲಿ ಅಂಗಡಿ ಮುಚ್ಕೊಂಡು ಇಲ್ಲಿ ನಿಂತಿದೀರಲ್ಲ! ಗಿರಿಜಾ, ಹಿಟ್ಟು ಹುಳಿ ಬಂದ್ರೆ ಯಾರು ತಿಂತಾರೆ? ಹೋಗ್ರಿ, ಹೋಗ್ರಿ. ನಾನೇನು ಚಂದ್ರಲೋಕಕ್ಕೆ ಹೋಗ್ತಾ ಇಲ್ಲ."

ಗಿರಿಜಾ ಬಗ್ಗಿ ಕಾಲು ಮುಟ್ಟಲು ಹೋದಳು. ಅಕ್ಕ ಅವಳ ಭುಜ ಹಿಡಿದು ಎತ್ತಿ, ಬೆನ್ನಿನ ಮೇಲೆ ಒಂದು ಗುದ್ದು ಕೊಟ್ಟು ಕಳಿಸಿದರು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನಾನೊಬ್ಬ ಉಳಿದೆ. ನನ್ನನ್ನೂ ಗದರುತ್ತಾರೆ ಎಂದು ಕಾದೆ, ಗದರಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು. ರೈಲು ಬರುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.

ವಾಪಸು ಬರುವಾಗ ದಾರಿಯಲ್ಲಿ ಗಿರಿಜಾಳ ಗಾಡಿಯ ಸುತ್ತ ಜನ ತುಂಬಿದ್ದರು.

"ಸೀಟು ಸಿಕ್ತಾ ಅಣ್ಣಾ?" ನನ್ನನ್ನು ಕಂಡು ಅವಳು ಕೇಳಿದಳು.

"ಸಿಕ್ತು. ಕಿಟಕಿ ಪಕ್ಕ."

ಇಡ್ಲಿಗೆ ನಿಂತಿದ್ದ ಯಾರೋ ಒಬ್ಬರು ಕೇಳಿದರು, "ಆ ತಮಿಳು ಅಮ್ಮನಾ? ಊರಿಗೆ ಹೋದ್ರಾ?"

ಗಿರಿಜಾ ಪಾತ್ರೆಯ ಮುಚ್ಚಳ ತೆಗೆದು, ಹಬೆ ಸರಿಯುವವರೆಗೆ ನಿಂತಳು.

"ಅವರ ಊರು ಇದೇ ಅಣ್ಣಾ" ಎಂದಳು. "ಅಲ್ಲಿಗೆ ಕೆಲ್ಸದ ಮೇಲೆ ಹೋಗಿದಾರೆ."